ಸೆರಗು ಯಾವುದು, ಒಡಲು ಯಾವುದು?

ನಮ್ಮ ಮಹಿಳಾ ವಿಭಾಗದವರು ಕಳೆದ ತಿಂಗಳು ಡೊಂಬಿವಲಿಯ ಹೌಸಿಂಗ್ ಸೊಸಾಯಿಟಿಯೊಂದರ ಸಭಾಗೃಹದಲ್ಲಿ ಎರಡು ದಿನಗಳ ಪುಟ್ಟ ಪ್ರದರ್ಶನವನ್ನು ಏರ್ಪಡಿಸಿದ್ದರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಸೋದರಿಯರು ತಮ್ಮ ಮನೆಗಳಲ್ಲಿಯೇ, ತಮ್ಮ ಕೈಯಾರೆ ಬಣ್ಣ ಹಾಕಿದ ಸೀರೆ, ದುಪಟ್ಟಾ, ಮೇಜುಹಾಸು, ಗೋಡೆಗೆ ತೂಗುಹಾಕುವ ಚಿತ್ರವಸ್ತ್ರ ಮುಂತಾದವನ್ನು ಅಲ್ಲಿ ಇಟ್ಟಿದ್ದರು. ಜನ ಚೆನ್ನಾಗಿ ಬಂದರು. ಉಪ್ಪಿಟ್ಟು, ಚಹಾ ಎರಡೂ ಚೆನ್ನಾಗಿದ್ದವು. ಮರುದಿನ ಸಂಪಾದಕರು ಫೋನು ಮಾಡಿ, "ನೀವು ಬಣ್ಣದ ಖಾತೆಯಲ್ಲಿ ಕೆಲಸ ಮಾಡಿದವರು, ನಮ್ಮ ಪತ್ರಿಕೆಗೆ ಎರಡು ಒಳ್ಳೆಯ ಮಾತು ಬರೆದುಕೊಡಿ" ಎಂದರು.

ಒಳ್ಳೆಯ ಮಾತೆಂದರೆ ಹೊಗಳಿಕೆ ಎಂಬುದು ನಮ್ಮ ಸಂಘಗಳಲ್ಲಿ ಬೆಳೆದುಬಂದ ರೂಢಿ. ನಾಟಕವಾದರೂ ಅಷ್ಟೆ, ಕವಿಗೋಷ್ಠಿಯಾದರೂ ಅಷ್ಟೆ. "ಕಾರ್ಯಕ್ರಮವು ಅತ್ಯಂತ ಯಶಸ್ವಿಯಾಗಿ ನೆರವೇರಿತು" ಎಂಬ ವಾಕ್ಯ ಅಚ್ಚಿನ ಮೊಳೆಗಳಲ್ಲಿ ಸದಾ ಜೋಡಿಸಿಯೇ ಇಟ್ಟಂತಿರುತ್ತದೆ. ದೂರದ ಊರಿನಲ್ಲಿ ನಾವು ನಾವೇ ಒಬ್ಬರಿಗೊಬ್ಬರು ಆಸರೆಯಾಗಿರುವಾಗ ಇದು ಸಹಜವೂ ಹೌದು. ಆದರೆ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟು, ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಕಾದು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಕೆಲಸ ಮುಗಿಸಿದ ಒಬ್ಬ ತಾಯಿಯ ಶ್ರಮಕ್ಕೆ ಬರಿಯ ಹೊಗಳಿಕೆ ತೀರ ಅಗ್ಗದ ಬೆಲೆ. ಆ ಕೆಲಸವನ್ನು ನಿಂತು ನೋಡಿ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂದು ಹೇಳುವುದೇ ಅದಕ್ಕೆ ಸಲ್ಲಿಸುವ ಗೌರವವೆಂದು ನಾನು ನಂಬಿದ್ದೇನೆ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾರ ಬಟ್ಟೆ ಯಾವುದೆಂದು ಅವರವರಿಗೆ ಗೊತ್ತಿದೆ.

ಬಾಗಿಲಿನ ಎದುರಿಗೇ ಒಂದು ಸೀರೆಯನ್ನು ಉದ್ದಕ್ಕೂ ಬಿಡಿಸಿ ಹಾಕಿದ್ದರು. ಠಾಣೆಯ ಗೃಹಿಣಿಯೊಬ್ಬರ ಕೃತಿ. ಒಂದು ತುದಿಯಲ್ಲಿ ನಿಂಬೆಹಣ್ಣಿನ ಹಳದಿ, ಅದು ನಿಧಾನವಾಗಿ ಕಿತ್ತಳೆಯಾಗಿ, ಕೆಂಪಾಗಿ, ಕೊನೆಗೆ ನೇರಳೆಯಲ್ಲಿ ಮುಗಿಯುತ್ತದೆ. ಆರು ಗಜದ ಹತ್ತಿ ಸೀರೆಗೆ, ಸಣ್ಣ ಬಚ್ಚಲುಮನೆಯಲ್ಲಿ, ಎಲ್ಲೂ ಒಂದು ಕಲೆ ಬೀಳದಂತೆ ಹೀಗೆ ಬಣ್ಣ ಏರಿಸುವುದು ಸುಲಭದ ಮಾತಲ್ಲ. ಬಣ್ಣದ ನೀರಿನಲ್ಲಿ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಕೈ ಎಲ್ಲಿಯೂ ನಿಲ್ಲದಂತೆ ನೋಡಿಕೊಳ್ಳಬೇಕು. ಕೈ ನಿಂತರೆ ಅಲ್ಲೊಂದು ಗೆರೆ ಮೂಡುತ್ತದೆ. ಆ ಗೆರೆ ಈ ಸೀರೆಯಲ್ಲಿ ಎಲ್ಲಿಯೂ ಇರಲಿಲ್ಲ. ಜನ ಅದರ ಸುತ್ತಲೇ ನೆರೆದಿದ್ದರು. ಫೋಟೋಗಳೂ ಬೇಕಾದಷ್ಟು ಆದವು.

ಆ ಗುಂಪಿನಲ್ಲಿ ವಿಜಾಪುರ ಕಡೆಯ ಅಜ್ಜಿಯೊಬ್ಬರಿದ್ದರು. ಮಗನ ಮನೆಗೆ ಬಂದು ಬಹಳ ವರ್ಷಗಳಾದರೂ ಉಡುಗೆ ಬದಲಾಗಿಲ್ಲ: ಒಗೆದೊಗೆದು ಮೆತ್ತಗಾದ ಇಳಕಲ್ ಸೀರೆ. ಅವರು ಕನ್ನಡಕವನ್ನು ಏರಿಸಿಕೊಂಡು, ಸೀರೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ನಡೆದು ನೋಡಿ, ನಿಜವಾದ ಕುತೂಹಲದಿಂದ ಕೇಳಿದರು: "ಛಂದ ಆಗೇದವ್ವಾ. ಖರೆ, ಇದರಾಗ ಸೆರಗು ಯಾವ್ದು, ಒಡಲು ಯಾವ್ದು?"

ಎಲ್ಲರೂ ನಕ್ಕರು. ಸೀರೆಯನ್ನು ಮಾಡಿದಾಕೆಯೂ ನಕ್ಕು, "ಹೇಗೆ ಉಟ್ಟರೂ ನಡೀತದೆ ಅಜ್ಜಿ" ಎಂದರು. ನಾನೂ ನಕ್ಕೆ. ಆದರೆ ಅಂದು ರಾತ್ರಿಯವರೆಗೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಡೀ ಪ್ರದರ್ಶನದ ವಿಮರ್ಶೆ ಆ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದು ಈಗ ಅನ್ನಿಸುತ್ತಿದೆ.

ಅಜ್ಜಿ ಉಟ್ಟಿದ್ದ ಸೀರೆಯನ್ನೇ ನೋಡೋಣ. ಇಳಕಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಒಡಲು ಹತ್ತಿಯದಾದರೆ ಸೆರಗಿಗೆ ಕೆಂಪು ರೇಷ್ಮೆಯ ಎಳೆ. ಈ ಎರಡು ಹಾಸುಗಳನ್ನು ಮಗ್ಗಕ್ಕೆ ಏರಿಸುವಾಗ ಎಳೆಯ ಕುಣಿಕೆಗೆ ಎಳೆಯ ಕುಣಿಕೆಯನ್ನು ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಬೇರೆ ಕಡೆಯ ನೇಕಾರ ಒಮ್ಮೆ ಹಾಸು ಹೂಡಿದರೆ ಅದರಲ್ಲಿ ಹಲವು ಸೀರೆಗಳನ್ನು ನೇಯ್ದುಕೊಳ್ಳಬಹುದು. ಇಳಕಲ್ಲಿನವನಿಗೆ ಆ ಸೌಕರ್ಯವಿಲ್ಲ. ಕೊಂಡಿ ಹಾಕಿದ ಹಾಸು ಒಂದೇ ಸೀರೆಗೆ. ಆರು ಗಜವೋ, ಎಂಟು ಗಜವೋ, ಒಂಬತ್ತು ಗಜವೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಕೂಡಬೇಕು. ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿಯ ಪಟ್ಟಿಗಳು, ಅವುಗಳಲ್ಲಿ ಜೋಳದ ತೆನೆ, ಬಾಚಣಿಗೆಯ ಹಲ್ಲು, ಕೋಟೆಯ ತೆನೆಗಳ ಆಕಾರ. ಕೆಂಪು ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಮೊದಲ ಎಳೆಯನ್ನು ಬಣ್ಣದಲ್ಲಿ ಅದ್ದುವ ಮೊದಲೇ ಗೊತ್ತಾಗಿರುತ್ತದೆ. ನಮ್ಮಲ್ಲಿ ಈಗ ಯೋಜನೆ ಎಂಬ ದೊಡ್ಡ ಮಾತಿದೆಯಲ್ಲ, ಆ ನೇಕಾರನ ಮನೆಯಲ್ಲಿ ಅದು ದಿನನಿತ್ಯದ ಲೆಕ್ಕ.

ಕಸೂತಿಯ ಸ್ವಭಾವವೂ ಇದೇ. ಧಾರವಾಡದ ಕಡೆಯ ಹೆಂಗಸರು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುತ್ತಿರಲಿಲ್ಲ. ಬಟ್ಟೆಯ ಎಳೆಗಳನ್ನೇ ಎಣಿಸಿ ಸೂಜಿ ಹಾಕುತ್ತಿದ್ದರು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಮುಂದೆ ಹೋದ ದಾರ ಅದೇ ದಾರಿಯಲ್ಲಿ ಹಿಂತಿರುಗಿ ಬಂದು ಬಿಟ್ಟ ಜಾಗವನ್ನು ತುಂಬಬೇಕು. ಎಲ್ಲಿಯೂ ಗಂಟು ಕಾಣಬಾರದು. ಬಟ್ಟೆಯ ಎರಡು ಬದಿಯೂ ಒಂದೇ ಸಮನಾಗಿರಬೇಕು. ಹೊರಡುವಾಗಲೇ ಹಿಂತಿರುಗುವ ದಾರಿ ಗೊತ್ತಿರದಿದ್ದರೆ ಗೋಪುರವೂ ಆಗದು, ತುಳಸಿಕಟ್ಟೆಯೂ ಆಗದು. ಮದುವೆಯ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಆ ಸಣ್ಣ ಹೊಲಿಗೆಗಳು ಅಷ್ಟು ಬೆಳಗುವುದಕ್ಕೆ ಕಾರಣ ಸುತ್ತಲಿನ ಕಪ್ಪನ್ನು ಹಾಗೆಯೇ ಉಳಿಸಿರುವುದು.

ಬಣ್ಣ ಹಚ್ಚುವುದು ಕೈಯ ಕೆಲಸ. ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಮನಸ್ಸಿನ ಕೆಲಸ. ನಮ್ಮ ಪ್ರದರ್ಶನದಲ್ಲಿ ಕೈ ಪಳಗಿರುವುದು ನಿಚ್ಚಳವಾಗಿ ಕಂಡಿತು. ಮನಸ್ಸಿನ ಕೆಲಸ ಮಾತ್ರ ಅನೇಕ ಕಡೆ ಹಿಂದೆ ಬಿದ್ದಿತ್ತು. ಈ ಅಳತೆಗೋಲನ್ನು ಹಿಡಿದು ಇನ್ನೂ ಕೆಲವು ಕೃತಿಗಳನ್ನು ನೋಡುತ್ತೇನೆ.

ಡೊಂಬಿವಲಿಯವರೇ ಆದ ಒಬ್ಬರು ಬಾಟಿಕ್ ವಿಧಾನದಲ್ಲಿ ಮಾಡಿದ ಚಿತ್ರವಸ್ತ್ರ: ಸಮುದ್ರ, ಸೂರ್ಯ, ಎರಡು ತೆಂಗಿನಮರ. ಮೇಣದಲ್ಲಿ ಉಂಟಾದ ಒಡಕುಗಳಲ್ಲಿ ಬಣ್ಣ ಇಳಿದು ಆಕಾಶದ ತುಂಬ, ನೀರಿನ ತುಂಬ, ಸೂರ್ಯನ ಮೇಲೂ ಜೇಡರಬಲೆಯಂತಹ ಗೆರೆಗಳು. ಬಾಟಿಕ್ ಎಂದರೆ ಈ ಒಡಕೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಈ ಕಲೆಯ ತವರಾದ ಜಾವಾದಲ್ಲಿ ನುರಿತ ಕೈಗಳು ಒಡಕನ್ನು ದೋಷವೆಂದೇ ಎಣಿಸುತ್ತ ಬಂದಿವೆ. ಬರಿಯ ಪ್ಯಾರಾಫಿನ್ ಮೇಣ ಹಾಕಿದರೆ ಅದು ಬೇಗ ಬಿರುಕು ಬಿಡುತ್ತದೆ. ಜೇನುಮೇಣ ಬೆರೆಸಿದರೆ ಬಾಗುತ್ತದೆ, ಒಡೆಯುವುದು ಕಡಿಮೆ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿಕೊಂಡು, ನೀರಿನಲ್ಲಿ ಮಾತ್ರ ಒಡಕು ಬರಲಿ, ಸೂರ್ಯ ನಿರ್ಮಲವಾಗಿರಲಿ ಎಂದು ಕಲಾವಿದೆ ತೀರ್ಮಾನಿಸಿದ್ದರೆ ಅದೇ ಚಿತ್ರ ಬೇರೆಯೇ ಆಗುತ್ತಿತ್ತು. ಇಲ್ಲಿ ತೀರ್ಮಾನ ಮಾಡಿದ್ದು ಮೇಣ.

ನವಿಮುಂಬಯಿಯಿಂದ ಬಂದ ನೀಲಿ ದುಪಟ್ಟಾ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಬಟ್ಟೆಯನ್ನು ಮಡಿಸಿ, ಹೊಲಿದು, ಬಿಗಿಯಾಗಿ ಎಳೆದು ಕಟ್ಟಿ ನೀಲಿಯಲ್ಲಿ ಅದ್ದಿದ ಕೆಲಸ. ಜಪಾನಿನವರು ಇದನ್ನು ಶಿಬೋರಿ ಎನ್ನುತ್ತಾರೆ, ಕಚ್ಛದ ಬಾಂಧಣಿಯ ಬಳಗಕ್ಕೇ ಸೇರಿದ್ದು. ನೀಲಿಯ ತೊಟ್ಟಿಯಿಂದ ಹೊರಬಂದ ಬಟ್ಟೆ ಮೊದಲು ಹಸಿರು ಹಳದಿಯಾಗಿ ಕಂಡು, ಗಾಳಿ ತಾಗಿದಂತೆಲ್ಲ ಕಣ್ಣೆದುರೇ ನೀಲಿಗೆ ತಿರುಗುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಇಲ್ಲಿ ಬಿಳಿಯೂ ನೀಲಿಯೂ ಸಮಪಾಲಿನಲ್ಲಿವೆ, ಅಂಚು ಹರಿತವಾಗಿದೆ. ಕೊರತೆಯೊಂದೇ: ಅತ್ಯಂತ ಸುಂದರವಾದ ಚಕ್ರದ ವಿನ್ಯಾಸವನ್ನು ನಟ್ಟನಡುವೆ ಇಟ್ಟಿದ್ದಾರೆ. ಮೇಜಿನ ಮೇಲೆ ಹಾಸಿದಾಗ ಅದು ರಾಜಠೀವಿಯಿಂದ ಮೆರೆಯುತ್ತದೆ. ಹೊದೆದಾಗ ಕತ್ತಿನ ಹತ್ತಿರ ಮುದುಡಿ ಕಾಣೆಯಾಗುತ್ತದೆ. ನಾಲ್ಕು ಜನರ ಕಣ್ಣಿಗೆ ಬೀಳುವ ಎರಡು ತುದಿಗಳು ಬರಿದಾಗಿವೆ. ಉಡುವ ಬಟ್ಟೆಯನ್ನು ಮೈಯ ಮೇಲಿಟ್ಟು ಯೋಚಿಸಬೇಕು. ಅಜ್ಜಿಯ ಪ್ರಶ್ನೆ ಇಲ್ಲಿಯೂ ಒದಗುತ್ತದೆ.

ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸಿದ್ದು ಯಕ್ಷಗಾನದ ಕಿರೀಟ ವೇಷದ ದೊಡ್ಡ ಚಿತ್ರವಸ್ತ್ರ. ನಮ್ಮ ಕರಾವಳಿಯ ಬಂಧುಗಳ ಕಣ್ಣುಗಳು ತುಂಬಿಬಂದದ್ದನ್ನೂ ಕಂಡೆ. ಆ ಭಾವಕ್ಕೆ ನಾನು ತಲೆಬಾಗುತ್ತೇನೆ. ಆದರೆ ವಿಮರ್ಶಕನಾಗಿ ಒಂದು ಮಾತು ಹೇಳದೆ ವಿಧಿಯಿಲ್ಲ. ಅದು ಅಂಗಡಿಯಿಂದ ತಂದ ಕರಿಯ ಬಟ್ಟೆಯ ಮೇಲೆ ಡಬ್ಬಿಯ ಬಣ್ಣದಲ್ಲಿ ಬರೆದ ಚಿತ್ರ. ಹಲಗೆಯ ಮೇಲೆ, ಗೋಡೆಯ ಮೇಲೆ ಬರೆದಿದ್ದರೂ ಇದೇ ಚಿತ್ರವಾಗುತ್ತಿತ್ತು. ಬಟ್ಟೆಯ ಎಳೆ, ಅದರ ಹೀರುವ ಗುಣ, ಅದರ ಮಡಿಕೆ ಯಾವುದೂ ಅಲ್ಲಿ ಕೆಲಸ ಮಾಡಿಲ್ಲ. ವಿಷಯ ಕನ್ನಡದ್ದಾದ ಮಾತ್ರಕ್ಕೆ ಕಲೆ ಕನ್ನಡದ್ದಾಗುವುದಿಲ್ಲ. ಇಳಕಲ್ಲಿನ ನೇಕಾರ ತನ್ನ ಸೆರಗಿನಲ್ಲಿ ಕರ್ನಾಟಕದ ನಕಾಶೆಯನ್ನು ನೇಯಲಿಲ್ಲ. ತನ್ನ ಹೊಲದ ಜೋಳದ ತೆನೆಯನ್ನು, ಎಳೆಗಳ ಲೆಕ್ಕಕ್ಕೆ ಒಗ್ಗುವ ಹಾಗೆ ಚೌಕಮಾಡಿ ನೇಯ್ದ. ಪರಸ್ಥಳದಲ್ಲಿರುವ ನಾವು ಊರಿನ ನೆನಪನ್ನು ಚಿತ್ರವಾಗಿ ತರುತ್ತಿದ್ದೇವೆ. ಊರಿನ ಕೈಲೆಕ್ಕವನ್ನು ತರಲು ಮರೆತಿದ್ದೇವೆ.

ನಾಲ್ಕನೆಯದು, ಮೂಲೆಯ ಮೇಜಿನಲ್ಲಿ ಯಾರ ಗಮನಕ್ಕೂ ಹೆಚ್ಚಾಗಿ ಬೀಳದೆ ಕುಳಿತಿದ್ದ ಒಂದು ಮೇಜುಹಾಸು. ಕಲ್ಯಾಣದಲ್ಲಿರುವ ಮಲೆನಾಡಿನ ಹೆಣ್ಣುಮಗಳೊಬ್ಬರದು. ಊರಿಂದ ಬರುವಾಗ ಬಾಟಲಿಯಲ್ಲಿ ಅಡಕೆಯ ಚೊಗರನ್ನು ತಂದಿದ್ದರಂತೆ. ಅಡಕೆ ಬೇಯಿಸಿದ ನೀರಿನ ಆ ಗಟ್ಟಿ ಕೆಂಗಂದು ಕಲೆ ಪಂಚೆಗೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲವೆಂದು ಮಲೆನಾಡಿನ ಪ್ರತಿ ಮನೆಯಲ್ಲೂ ಬಲ್ಲರು. ಆ ಕಲೆಯನ್ನೇ ಬಣ್ಣವೆಂದು ಕಂಡವರು ಸಾಗರ ತಾಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯವರು. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಈ ಹೆಂಗಸರ ಸಹಕಾರಿಯಲ್ಲಿ ಚೊಗರು ಕೈಮಗ್ಗದ ಬಟ್ಟೆಯ ಬಣ್ಣವಾಯಿತು. ನಮ್ಮ ಕಲ್ಯಾಣದ ಸೋದರಿ ಅದಕ್ಕೆ ತುಕ್ಕು ಕಬ್ಬಿಣದ ನೀರನ್ನು ಸೇರಿಸಿ ಬೂದುಗಪ್ಪನ್ನೂ ಪಡೆದಿದ್ದಾರೆ. ಒಗರಿನ ಬಣ್ಣಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುವುದು ಹಳೆಯ ಶಾಯಿಯ ಗುಟ್ಟು. ಎರಡೇ ಬಣ್ಣ, ಕಂದು ಮತ್ತು ಬೂದು. ಸುತ್ತಲೂ ನಾಲ್ಕು ಬೆರಳಗಲ ಬಟ್ಟೆಯ ಸಹಜವಾದ ಬಿಳಿ. ಕಂದು ಅಲ್ಲಿಗೆ ಬಂದು ನಿಲ್ಲುತ್ತದೆ. ಇಡೀ ಸಭಾಗೃಹದಲ್ಲಿ ಅಂಚಿರುವ ಬಟ್ಟೆ ಅದೊಂದೇ ಎಂದರೆ ತಪ್ಪಾಗದು.

ದೋಷ ಅದರಲ್ಲೂ ಇದೆ. ಒಂದು ಬದಿಯಲ್ಲಿ ಕಂದು ಬಣ್ಣ ದಟ್ಟವಾಗಿ ಇಳಿದು ಬಿಳಿಯ ಅಂಚಿಗೆ ಜಿನುಗಿದೆ. "ಇದು ಬೇಕೆಂದೇ ಮಾಡಿದ್ದೇ?" ಎಂದು ಕೇಳಿದೆ. "ಇಲ್ಲ ಮಾವ, ಜುಲೈ ತಿಂಗಳು, ಬಾಲ್ಕನಿಯಲ್ಲಿ ಹಗ್ಗಕ್ಕೆ ಹಾಕಿದ್ದೆ, ಎರಡು ದಿನ ಒಣಗಲೇ ಇಲ್ಲ" ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಒದ್ದೆ ಬಟ್ಟೆಯನ್ನು ತೂಗುಹಾಕಿದರೆ ನೀರಿನ ಜೊತೆ ಬಣ್ಣವೂ ಕೆಳಗಿಳಿಯುತ್ತದೆ. ಮೊದಲು ಒಣಗುವ ಕಡೆಗೆ ಓಡುತ್ತದೆ. ಮಳೆಗಾಲದ ನಮ್ಮ ಊರುಗಳಲ್ಲಿ ಬಟ್ಟೆಯನ್ನು ಹಳೆಯ ಬೆಡ್‌ಶೀಟಿನ ಮೇಲೆ ಹಾಸಿ, ಫ್ಯಾನು ಹಾಕಿ ಒಣಗಿಸುವುದೊಂದೇ ಉಪಾಯ. ಇಂತಹ ಪ್ರಾಮಾಣಿಕ ಉತ್ತರ ಸಿಕ್ಕಿದ್ದರಿಂದಲೇ ಆ ಮೇಜುಹಾಸಿನ ಮೇಲೆ ನನ್ನ ಗೌರವ ಇಮ್ಮಡಿಯಾಯಿತು.

ಈಗ ಒಂದು ಪ್ರಶ್ನೆ ಏಳಬಹುದು. ಹಿಂದಿನವರಿಗೆ ಇದ್ದ ಅಂಚಿನ ಬುದ್ಧಿ ನಮ್ಮಲ್ಲಿ ಏಕೆ ತಪ್ಪಿತು? ಅವರು ನಮಗಿಂತ ಜಾಣರು ಎಂದಲ್ಲ. ಅವರ ಹತ್ತಿರ ಇದ್ದ ಬಣ್ಣಗಳು ಕೆಲವೇ, ಅವನ್ನು ಪಡೆಯುವ ಶ್ರಮ ಬಹಳ. ಹತ್ತಿಗೆ ಗಿಡಮೂಲದ ಬಣ್ಣ ಹಿಡಿಯಬೇಕಾದರೆ ಮೊದಲು ಅಳಲೆಕಾಯಿಯ ಒಗರು, ಆಮೇಲೆ ಪಟಿಕ, ಆಮೇಲೆ ಮಂಜಿಷ್ಠದ ಕೆಂಪು, ನಡುನಡುವೆ ಒಗೆತ, ಬಿಸಿಲು. ಇಷ್ಟು ಕಷ್ಟಪಟ್ಟ ಕೆಂಪನ್ನು ಯಾರೂ ಕಂಡಲ್ಲಿ ಚೆಲ್ಲುವುದಿಲ್ಲ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವನ್ನು ಕಂಡುಹಿಡಿದ. 1868ರಲ್ಲಿ ಮಂಜಿಷ್ಠದ ಕೆಂಪು ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದು, ನಮ್ಮ ದೇಶದ ನೀಲಿ ಬೆಳೆಯ ಕಥೆ ಮುಗಿಯುತ್ತ ಬಂತು. 1956ರಲ್ಲಿ ಹತ್ತಿಯ ಎಳೆಯೊಂದಿಗೇ ಕೂಡಿಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಬಂದವು. ಇವುಗಳಲ್ಲಿ ಕೆಲವು ತಣ್ಣೀರಿನಲ್ಲೇ ಹಿಡಿಯುತ್ತವೆ. ಉಪ್ಪು ಮತ್ತು ಬಟ್ಟೆ ಸೋಡಾ ಇದ್ದರೆ ಸಾಕು. ನಮ್ಮ ಸೋದರಿಯರು ಅಡುಗೆಮನೆಯ ಪಕ್ಕದಲ್ಲೇ ಬಣ್ಣದ ಮನೆ ತೆರೆಯಲು ಸಾಧ್ಯವಾದದ್ದು ಈ ಕೊನೆಯ ಹೆಜ್ಜೆಯಿಂದ. ಇಂದು ಪೊಟ್ಟಣ ಬಿಚ್ಚಿದರೆ ಕಾಮನಬಿಲ್ಲೇ ಕೈಯಲ್ಲಿ. ಹಿಂದೆ ಬಡತನ ಕಲಿಸುತ್ತಿದ್ದ ಮಿತಿಯನ್ನು ಈಗ ನಾವಾಗಿಯೇ ಕಲಿಯಬೇಕಾಗಿದೆ.

ಹಾಗೆಂದು ಗಿಡಮೂಲದ್ದೆಲ್ಲ ಪುಣ್ಯ, ಪೊಟ್ಟಣದ್ದೆಲ್ಲ ಪಾಪ ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ಅರಿಸಿನದ ಹಳದಿ ನೋಡಲು ಮಂಗಳಕರ, ಬಿಸಿಲಿಗೆ ಮಾತ್ರ ಬಹುಬೇಗ ಮಾಸುತ್ತದೆ. ಪ್ರದರ್ಶನದಲ್ಲಿದ್ದ ಅರಿಸಿನದ ದಿಂಬಿನ ಚೀಲಗಳು ಮುಂದಿನ ವರ್ಷಕ್ಕೆ ಹೇಗಿರುತ್ತವೆಂದು ನೋಡಬೇಕು. ಮೈಲುತುತ್ತದಂತಹ ಲವಣಗಳನ್ನು ಬಣ್ಣ ಹಿಡಿಸಲು ಬಳಸಿ, ಉಳಿದ ನೀರನ್ನು ಮೋರಿಗೆ ಚೆಲ್ಲಿ, "ನಮ್ಮದು ಪೂರ್ತಿ ನೈಸರ್ಗಿಕ" ಎಂದು ಚೀಟಿ ಅಂಟಿಸುವುದು ಆತ್ಮವಂಚನೆ. ಪಟಿಕ ಮತ್ತು ಅಳಲೆಕಾಯಿ ಬಹುಮಟ್ಟಿಗೆ ನಿರಪಾಯದವು. ಇಲ್ಲಿಯ ಅಂಗಡಿಗಳಲ್ಲಿ ತುರಟಿ, ಹಿರಡಾ ಎಂದು ಕೇಳಿದರೆ ಕೊಡುತ್ತಾರೆ. ಪೊಟ್ಟಣದ ಬಣ್ಣವನ್ನು ಬಳಸುವವರು ಪುಡಿ ಮೂಗಿಗೆ ಹೋಗದಂತೆ ಮುಖಕ್ಕೆ ಮಾಸ್ಕು ಕಟ್ಟಿಕೊಳ್ಳಬೇಕು; ಅದು ಉಬ್ಬಸಕ್ಕೆ ದಾರಿಯಾಗಬಲ್ಲದು. ಸಾರಿನ ಪಾತ್ರೆ, ಸೌಟುಗಳನ್ನು ಬಣ್ಣಕ್ಕೆ ಬಳಸಿ ಮತ್ತೆ ಒಲೆಗೆ ಇಡಬಾರದು. ಇಬ್ಬರು ಸೋದರಿಯರು ಹಾಗೆ ಮಾಡುತ್ತಿದ್ದಾರೆಂದು ಮಾತಿನಲ್ಲಿ ತಿಳಿಯಿತು. ದಯವಿಟ್ಟು ನಿಲ್ಲಿಸಿ.

ಇನ್ನು ನನಗೆ ಬರೆಯಲು ಕಷ್ಟವಾಗುವ ಮಾತು. ನಾನು ಇಪ್ಪತ್ತೆಂಟು ವರ್ಷ ಬಣ್ಣದ ಖಾತೆಯಲ್ಲಿ ದುಡಿದವನು. ಛಾಯೆ ಮಾದರಿಗೆ ಹೊಂದಿತೆ, ಒಗೆದರೆ ನಿಲ್ಲುತ್ತದೆಯೆ ಎಂದು ದಿನಕ್ಕೆ ನೂರು ಸಲ ನೋಡುತ್ತಿದ್ದೆ. ಉಳಿದ ನೀರು ಯಾವ ಕಡೆಗೆ ಹರಿಯಿತೆಂದು ಒಂದು ಸಲವೂ ಬಾಗಿ ನೋಡಲಿಲ್ಲ. 2017ರ ಆಗಸ್ಟಿನಲ್ಲಿ ನವಿಮುಂಬಯಿಯ ತಳೋಜಾ ಕೈಗಾರಿಕಾ ಪ್ರದೇಶದಲ್ಲಿ ಬೀದಿನಾಯಿಗಳು ನೀಲಿ ಬಣ್ಣಕ್ಕೆ ತಿರುಗಿ ಓಡಾಡುತ್ತಿದ್ದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಕಾಸಾಡಿ ನದಿಯ ಸುತ್ತಿನ ಆ ಪ್ರದೇಶದಲ್ಲಿ ಕಾರ್ಖಾನೆಯೊಂದರ ಬಣ್ಣ ಆ ಮೂಕಪ್ರಾಣಿಗಳ ಮೈಗೆ ಹತ್ತಿತ್ತು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದ ರಸ್ತೆಯೇ ಗುಲಾಬಿಯಾಯಿತು. ಆ ದಿನ ನನ್ನ ಮೊಮ್ಮಗಳು ಫೋಟೋ ತೋರಿಸಿ, "ಅಜ್ಜ, ಇದು ನಿಮ್ಮ ಕೆಲಸದ ಬಣ್ಣವೇ?" ಎಂದು ಕೇಳಿದಳು. ನಾನು ನಿವೃತ್ತನಾಗಿ ಬಹಳ ವರ್ಷಗಳಾಗಿದ್ದವು. ಆದರೂ "ಅಲ್ಲ" ಎಂದು ಹೇಳಲು ನಾಲಗೆ ಏಳಲಿಲ್ಲ.

ನಾವಿರುವ ಈ ಊರುಗಳಿಗೂ ಬಟ್ಟೆಗೂ ಹಳೆಯ ನಂಟು. ಆರನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಕಲ್ಯಾಣದ ಬಂದರಿನಿಂದ ಬಟ್ಟೆ ಹೊರದೇಶಗಳಿಗೆ ಹೋಗುತ್ತಿತ್ತೆಂದು ಹೇಳಿದ್ದಾನೆ. ಹದಿಮೂರನೆಯ ಶತಮಾನದ ಮಾರ್ಕೋಪೋಲೋ ಠಾಣೆಯ ಹತ್ತಿಬಟ್ಟೆಯನ್ನು ಹೆಸರಿಸಿದ್ದಾನೆ. ಅಂದು ಬಟ್ಟೆಯಿಂದ ಹೆಸರಾದ ಈ ಖಾಡಿಯ ತೀರ ಇಂದು ಬಣ್ಣದ ನೀರಿನಿಂದ ಸುದ್ದಿಯಾಗುತ್ತಿದೆ.

"ನಮ್ಮ ಎರಡು ಬಕೆಟ್ಟಿನಿಂದ ಏನು ಕೆಡುತ್ತದೆ?" ಎಂದು ಸೋದರಿಯರು ಕೇಳಬಹುದು. ಕಾರ್ಖಾನೆಯ ಪಾಪದ ಮುಂದೆ ನಮ್ಮದು ಹನಿಯಷ್ಟು ಎಂಬುದು ನಿಜ. ಆದರೆ ಕಲೆಯ ಪ್ರಶ್ನೆಯಾಗಿ ನೋಡಿದಾಗಲೂ ಇದು ಒಂದೇ ಪ್ರಶ್ನೆ. ರಿಯಾಕ್ಟಿವ್ ಬಣ್ಣದಲ್ಲಿ ಐದನೆಯ ಒಂದರಿಂದ ಮೂರನೆಯ ಒಂದು ಪಾಲಿನವರೆಗೆ ಬಟ್ಟೆಗೆ ಹಿಡಿಯದೆ ನೀರಿಗೆ ಹೋಗುವುದುಂಟು. ಕಣ್ಣಂದಾಜಿನಲ್ಲಿ ಚಮಚ ಚಮಚ ಸುರಿದರೆ ಇನ್ನೂ ಹೆಚ್ಚು. ಅರ್ಧ ಕಿಲೋ ತೂಕದ ಸೀರೆಗೆ ಮಧ್ಯಮ ಛಾಯೆ ಬೇಕಾದರೆ ಸುಮಾರು 10 ಗ್ರಾಂ ಬಣ್ಣ ಸಾಕು. ಒಣ ಬಟ್ಟೆಯನ್ನು ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕಬೇಕು. ಹೊಸ ಬಟ್ಟೆಯ ಗಂಜಿಯನ್ನು ಸೋಪು, ಸೋಡಾ ಹಾಕಿ ಕುದಿಸಿ ತೆಗೆಯಬೇಕು. ಗಂಜಿ ಇದ್ದಲ್ಲಿ ಬಣ್ಣ ಎಳೆಗೆ ಹತ್ತದೆ ಮೋರಿ ಸೇರುತ್ತದೆ. ಅಂಗೈಯಗಲದ ತುಂಡಿನ ಮೇಲೆ ಮೊದಲು ಪರೀಕ್ಷಿಸಿ, ಅದು ಪೂರ್ತಿ ಒಣಗಿದ ಮೇಲೆಯೇ ತೀರ್ಮಾನಿಸಬೇಕು. ಒದ್ದೆ ಬಟ್ಟೆಯ ಬಣ್ಣ ಯಾವಾಗಲೂ ಗಾಢವಾಗಿ ಕಂಡು ಮೋಸ ಮಾಡುತ್ತದೆ. ಆ ತುಂಡನ್ನು ತೂಕ, ಉಪ್ಪು, ಸೋಡಾ, ಸಮಯಗಳ ವಿವರದೊಡನೆ ನೋಟ್‌ಬುಕ್ಕಿಗೆ ಅಂಟಿಸಬೇಕು. ದಟ್ಟ ಛಾಯೆಯ ನಂತರ ಉಳಿದ ಬಣ್ಣದಲ್ಲಿ ಕೂಡಲೇ ತಿಳಿ ಛಾಯೆಯ ಇನ್ನೊಂದು ಬಟ್ಟೆಯನ್ನು ಅದ್ದಬೇಕು. ಸೋಡಾ ಬಿದ್ದ ಬಣ್ಣ ಮರುದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಹೀಗೆ ಯೋಚಿಸಿ ಕೆಲಸ ಮಾಡಿದವರ ಬಟ್ಟೆಯೂ ಚೆನ್ನಾಗಿರುತ್ತದೆ, ಮೋರಿಯೂ ಅಷ್ಟರಮಟ್ಟಿಗೆ ತಿಳಿಯಾಗಿರುತ್ತದೆ. ಬಟ್ಟೆಯ ಮೇಲೆ ಬಣ್ಣ ಎಲ್ಲಿ ನಿಲ್ಲಬೇಕೆಂದು ಅರಿಯದ ಕೈ ಅದನ್ನು ಬಚ್ಚಲಿನಲ್ಲಿಯೂ ನಿಲ್ಲಿಸಲಾರದು.

ಮುಂದಿನ ವರ್ಷ ಈ ಪ್ರದರ್ಶನ ಮತ್ತೆ ನಡೆಯಬೇಕು, ನಡೆಯುತ್ತದೆಂದು ನಂಬಿದ್ದೇನೆ. ಅದಕ್ಕಾಗಿ ಮಹಿಳಾ ವಿಭಾಗಕ್ಕೆ ಮೂರು ವಿನಂತಿಗಳು. ಮೊದಲನೆಯದು, ಕೃತಿಗಳು ಕಡಿಮೆಯಾದರೂ ಚಿಂತೆಯಿಲ್ಲ, ಪ್ರತಿಯೊಂದರ ಪಕ್ಕದಲ್ಲಿ ಅದರ ನಕ್ಷೆಯ ಕಾಗದವನ್ನೂ ಪರೀಕ್ಷೆಯ ತುಂಡುಗಳನ್ನೂ ಇಡಿ. ಕೆಟ್ಟುಹೋದ ತುಂಡೊಂದು ಅವುಗಳಲ್ಲಿ ಇರಲೇಬೇಕು. ಎರಡನೆಯದು, ಊರಿಗೆ ಹೋದವರು ಒಂದು ಹಳೆಯ ಇಳಕಲ್ಲನ್ನೋ, ಗುಳೇದಗುಡ್ಡದ ಖಣವನ್ನೋ, ಅಜ್ಜಿಯ ಕಸೂತಿ ಕುಪ್ಪಸವನ್ನೋ ತಂದು ಗೌರವದ ಸ್ಥಳದಲ್ಲಿಟ್ಟು, ಅದರ ಲೆಕ್ಕವನ್ನು ಬಿಡಿಸಿ ಹೇಳಬಲ್ಲವರನ್ನು ಜೊತೆಗೆ ಕೂರಿಸಿ. ಮೂರನೆಯದು ನನ್ನ ಹುಚ್ಚು ಎಂದರೂ ಸರಿಯೆ: ಬಟ್ಟೆಯ ಪಕ್ಕದಲ್ಲಿ, ಕೊನೆಯ ಸಲ ಅದನ್ನು ಜಾಲಾಡಿದ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿಡಿ. ಬಟ್ಟೆಯನ್ನು ನೋಡಿದವರು ಅದನ್ನೂ ನೋಡಲಿ.

ಠಾಣೆಯ ಸೋದರಿ ಮೊನ್ನೆ ಫೋನು ಮಾಡಿದ್ದರು. ಅಜ್ಜಿಯ ಮಾತಿಗೆ ಅಂದು ನಕ್ಕೆನಾದರೂ ಮನೆಗೆ ಬಂದ ಮೇಲೆ ಸೀರೆಯನ್ನು ಕನ್ನಡಿಯ ಮುಂದೆ ಉಟ್ಟು ನೋಡಿದೆ, ನೇರಳೆ ತುದಿ ಸೆರಗಾಗಬೇಕಿತ್ತು, ಆದರೆ ಅದರ ಮೊದಲು ಒಂದು ಗೇಣು ಬಿಳಿ ಬಿಡಬೇಕಿತ್ತು ಎಂದರು. ಆ ಒಂದು ಗೇಣನ್ನು ಮುಂದಿನ ಸೀರೆಯಲ್ಲಿ ಬಿಡುತ್ತಾರಂತೆ. ಸಂಪಾದಕರು ಕೇಳಿದ ಎರಡು ಒಳ್ಳೆಯ ಮಾತುಗಳಲ್ಲಿ ಒಂದು ಇದು. ಇನ್ನೊಂದನ್ನು ಆ ಸೀರೆಯನ್ನು ನೋಡಿದ ಮೇಲೆ ಬರೆಯುತ್ತೇನೆ.